ಆಟೋಕ್ರಾಸ್ ಕಾರಿಗೆ ಅಗಲ ಚಕ್ರ ಮತ್ತು ಫೆಂಡರ್ ಫ್ಲೇರ್: ತಗಡಿಗೆ ಕೈ ಹಾಕುವ ಮುಂಚೆ ಅಳೆಯಬೇಕಾದ್ದು

ಆಟೋಕ್ರಾಸ್ ಅಂದರೆ ಬಯಲಿನಲ್ಲಿ ಕೋನುಗಳನ್ನಿಟ್ಟು ಮಾಡಿದ ದಾರಿಯಲ್ಲಿ ಒಂದೊಂದೇ ಕಾರು ಸಮಯದ ವಿರುದ್ಧ ಓಡುವ ಸ್ಪರ್ಧೆ. ಅದರ ಕಾರಿಗೆ ಅಗಲ ಚಕ್ರ ಹಾಕಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಫ್ಲೇರ್, ಅಂದರೆ ಚಕ್ರದ ಮೇಲಿನ ತಗಡಿಗೆ (ಫೆಂಡರಿಗೆ) ಹೊರಗಿನಿಂದ ಕೂರಿಸುವ ಅಗಲದ ಅಂಚು. ಯಾವುದು ಚೆನ್ನಾಗಿ ಕಾಣುತ್ತೆ, ಯಾವುದು ಕಡಿಮೆ ಬೆಲೆಗೆ ಸಿಗುತ್ತೆ, ಅಷ್ಟೇ ನೋಡ್ತಾರೆ. ನನ್ನ ಪ್ರಕಾರ ಈ ಕ್ರಮವೇ ಉಲ್ಟಾ. ಫ್ಲೇರ್ ಕೊನೆಯಲ್ಲಿ ಬರಬೇಕಾದ ಸಾಮಾನು. ಮೊದಲು ಯಾವ ಕ್ಲಾಸಿನಲ್ಲಿ ಓಡಿಸ್ತೀರಿ ಅನ್ನೋದು ತೀರ್ಮಾನ ಆಗಬೇಕು. ಆಮೇಲೆ ಟೈರು, ಆಮೇಲೆ ರಿಮ್ ಮತ್ತು ಆಫ್‌ಸೆಟ್ (ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತೆ ಅನ್ನೋ ಅಳತೆ), ಆಮೇಲೆ ಸಸ್ಪೆನ್ಷನ್ ಪೂರ್ತಿ ಮೇಲೆ ಕೆಳಗೆ ಆಡಿದಾಗ ಟೈರು ಎಲ್ಲೆಲ್ಲಿ ತಾಗುತ್ತೆ ಅನ್ನೋ ಅಳತೆ. ಇಷ್ಟೆಲ್ಲ ಆದ ಮೇಲೂ ಜಾಗ ಸಾಲದಿದ್ದರೆ ಮಾತ್ರ ತಗಡು ಕತ್ತರಿಸುವ ಮಾತು.

ಕ್ಲಾಸಿನ ವಿಷಯ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನು ಮರೆತರೆ ಉಳಿದ ಖರ್ಚೆಲ್ಲ ದಂಡ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಎಸ್‌ಸಿಸಿಎ, ಸೋಲೋ ಅನ್ನೋ ಹೆಸರಲ್ಲಿ ನಡೆಸುವ ಆಟೋಕ್ರಾಸ್ ಸ್ಪರ್ಧೆಗಳನ್ನೇ ನೋಡಿ. ಅಲ್ಲಿನ ಸ್ಟ್ರೀಟ್ ವಿಭಾಗದಲ್ಲಿ ರಿಮ್ ಅಗಲ ಕಾರಿನ ಜೊತೆ ಬಂದಷ್ಟೇ ಇರಬೇಕು. ಸ್ಟ್ರೀಟ್ ಟೂರಿಂಗ್‌ನಲ್ಲಿ ಅಗಲ ಮಾಡಬಹುದು, ಆದರೆ ಒಂದೊಂದು ಕ್ಲಾಸಿಗೂ ರಿಮ್ಮಿಗೆ ಇಷ್ಟು, ಟೈರಿಗೆ ಇಷ್ಟು ಅಂತ ಮಿತಿ ಇದೆ. ಬೇರೆ ಕಡೆಯ ಕ್ಲಬ್ಬುಗಳಲ್ಲೂ ನಿಯಮದ ಧಾಟಿ ಹೆಚ್ಚುಕಡಿಮೆ ಹೀಗೇ ಇರುತ್ತೆ: ಅಂಚು ಮಡಚುವವರೆಗೆ ಒಂದು ಕ್ಲಾಸು, ಫ್ಲೇರ್ ಬಂತು ಅಂದರೆ ಮೇಲಿನ ಕ್ಲಾಸು. ಆ ಮೇಲಿನ ಕ್ಲಾಸಿನಲ್ಲಿ ಎದುರಿಗೆ ನಿಲ್ಲುವ ಕಾರುಗಳು ಎಂಜಿನ್, ಸಸ್ಪೆನ್ಷನ್, ತೂಕ ಎಲ್ಲದರಲ್ಲೂ ಕೆಲಸ ಮಾಡಿಸಿಕೊಂಡು ಬಂದಿರುತ್ತವೆ. ಹಾಗಾಗಿ ನಿಯಮದ ಪುಸ್ತಕ ತೆಗೆದು ಚಕ್ರ, ಟೈರು, ಫೆಂಡರ್, ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳಲು ಅದರ ಹಿಂದೆ ಇಡುವ ಬಿಲ್ಲೆ) ಈ ನಾಲ್ಕು ಕಡೆ ಏನು ಬರೆದಿದೆ ಅಂತ ಕೂತು ಓದಿ. ಅದೇ ಕಾರನ್ನು ರಸ್ತೆಯಲ್ಲೂ ಓಡಿಸೋದಾದರೆ ನಿಮ್ಮಲ್ಲಿನ ವಾಹನ ನಿಯಮವನ್ನೂ ನೋಡಬೇಕು. ಟೈರು ಫೆಂಡರಿನಿಂದ ಆಚೆ ಬರಬಾರದು ಅನ್ನೋದು ಬಹಳ ಕಡೆ ಕಾನೂನು.

ಅಗಲದಿಂದ ಸಿಗೋದು ಏನು

ಟೈರು ಅಗಲ ಆದರೆ ನೆಲ ಮುಟ್ಟುವ ರಬ್ಬರ್ ಜಾಸ್ತಿ ಆಗುತ್ತೆ, ಅದಕ್ಕೇ ಹಿಡಿತ ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಚಾಲಕನೂ ಸೇರಿ 1100 ಕಿಲೋ ತೂಗುವ ಕಾರು ಅಂದುಕೊಳ್ಳಿ. ಒಂದು ಚಕ್ರದ ಮೇಲೆ ಸುಮಾರು 275 ಕಿಲೋ ಭಾರ. ಟೈರಿನ ಗಾಳಿ 2 ಬಾರ್ ಇದ್ದರೆ ಆ ಭಾರ ಹೊರಲು ಹೆಚ್ಚುಕಡಿಮೆ 135 ಚದರ ಸೆಂಟಿಮೀಟರ್ ರಬ್ಬರ್ ನೆಲ ಮುಟ್ಟಬೇಕು. ಟೈರು ಕಿರಿದಾಗಿರಲಿ, ಅಗಲವಾಗಿರಲಿ, ಗಾಳಿ ಅಷ್ಟೇ ಇದ್ದರೆ ಈ ಲೆಕ್ಕ ಬಹಳ ಬದಲಾಗೋದಿಲ್ಲ. ಬದಲಾಗೋದು ಅಚ್ಚಿನ, ಅಂದರೆ ರಬ್ಬರ್ ನೆಲ ಮುಟ್ಟುವ ಜಾಗದ, ಆಕಾರ. 16 ಸೆಂಟಿಮೀಟರ್ ಅಗಲದ ಟೈರಿನ ಅಚ್ಚು ಸುಮಾರು 8.4 ಸೆಂಟಿಮೀಟರ್ ಉದ್ದ ಇದ್ದರೆ, 20 ಸೆಂಟಿಮೀಟರ್ ಅಗಲದ್ದರ ಅಚ್ಚು 6.8 ಸೆಂಟಿಮೀಟರ್ ಉದ್ದ ಇರುತ್ತೆ. ಅಡ್ಡಕ್ಕೆ ಚಾಚಿಕೊಂಡ ಗಿಡ್ಡ ಅಚ್ಚು ತಿರುವಿನಲ್ಲಿ ಬೇಗ ಕಚ್ಚಿಕೊಳ್ಳುತ್ತೆ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಕಾರು ತಿರುಗುತ್ತೆ. ಅಗಲ ಟೈರಿಗೆ ಗಾಳಿಯನ್ನೂ ಸ್ವಲ್ಪ ಕಡಿಮೆ ಇಡಬಹುದು, ಆಗ ಅಚ್ಚಿನ ವಿಸ್ತೀರ್ಣವೂ ನಿಜವಾಗಿ ಹೆಚ್ಚುತ್ತೆ.

ಇನ್ನೊಂದು ಕಾರಣ ರಬ್ಬರಿನ ಗುಣ. ಭಾರ ಎರಡು ಪಟ್ಟು ಆದರೆ ಹಿಡಿತ ಎರಡು ಪಟ್ಟು ಆಗೋದಿಲ್ಲ, ಸ್ವಲ್ಪ ಕಮ್ಮಿಯೇ ಆಗುತ್ತೆ. ತಿರುವಿನಲ್ಲಿ ಹೊರಗಡೆಯ ಎರಡು ಚಕ್ರಗಳ ಮೇಲೆ ಭಾರ ಬೀಳುತ್ತಲ್ಲ, ಆಗ ಕಿರಿದಾದ ಟೈರು ಬೇಗ ಸೋಲುತ್ತೆ. ಅಗಲದ್ದು ಅದೇ ಭಾರವನ್ನು ಹರಡಿಕೊಂಡು ತಡೆದುಕೊಳ್ಳುತ್ತೆ.

ಆದರೆ ಆಟೋಕ್ರಾಸ್‌ನಲ್ಲಿ ನನಗೆ ಇದಕ್ಕಿಂತ ಮುಖ್ಯ ಅನಿಸೋದು ರಿಮ್ಮಿನ ಅಗಲ. ಕಿರಿದಾದ ರಿಮ್ಮಿನ ಮೇಲೆ ದಪ್ಪ ಟೈರು ಹಾಕಿದರೆ ಅದರ ಪಕ್ಕದ ಗೋಡೆ ಹೊರಗೆ ಉಬ್ಬಿಕೊಂಡು ನಿಲ್ಲುತ್ತೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಆ ಗೋಡೆ ಬಾಗಬೇಕು, ಆಮೇಲೆ ಕಾರು ತಿರುಗಬೇಕು. ಒಂದು ಓಟ ಮುಗಿಯೋದು ಒಂದು ನಿಮಿಷದೊಳಗೆ, ಅಷ್ಟರಲ್ಲಿ ಎಡಬಲ ಎಡಬಲ ಅಂತ ಎಷ್ಟು ಸಲ ದಿಕ್ಕು ಬದಲಾಗುತ್ತೆ ನೋಡಿ. ಪ್ರತಿ ಸಲವೂ ಆ ಬಾಗುವಿಕೆಗೆ ಕಾಯಬೇಕು. ಅದೇ ಟೈರನ್ನು ಅಗಲ ರಿಮ್ಮಿಗೆ ಹಾಕಿದರೆ ಗೋಡೆ ನೆಟ್ಟಗೆ ನಿಲ್ಲುತ್ತೆ, ಕಾಯುವ ಕೆಲಸ ಕಡಿಮೆ. ಹಾಗಾಗಿ ಬಜೆಟ್ ಒಂದಕ್ಕೆ ಮಾತ್ರ ಸಾಕು ಅಂತಿದ್ದರೆ, ಟೈರಿನ ಅಳತೆ ಹಾಗೇ ಇಟ್ಟು ಒಂದು ಇಂಚು ಅಗಲದ ರಿಮ್ ತಗೊಳ್ಳಿ ಅಂತಲೇ ನಾನು ಹೇಳೋದು. ರಸ್ತೆಗೂ ಇಳಿಸುವ ಕಾರಾದರೆ ಟೈರು ಕಂಪನಿ ಕೊಟ್ಟಿರುವ ರಿಮ್ ಅಗಲದ ಮಿತಿ ದಾಟಬೇಡಿ.

ಅಗಲ ಯಾವಾಗಲೂ ಲಾಭ ಅಲ್ಲ ಅನ್ನೋದೂ ಗೊತ್ತಿರಲಿ. ಹಗುರ ಕಾರಿಗೆ ತೀರಾ ದೊಡ್ಡ ಟೈರು ಹಾಕಿದರೆ ಅದು ಬಿಸಿಯಾಗುವುದರೊಳಗೆ ಓಟವೇ ಮುಗಿದಿರುತ್ತೆ, ತಣ್ಣಗಿನ ದಿನ ಇದು ಎದ್ದು ಕಾಣುತ್ತೆ. ಚಕ್ರದ ತೂಕವೂ ಏರುತ್ತೆ. ರಿಮ್ಮಿನ ಅಂಚಿನಲ್ಲಿ ಮತ್ತು ಟೈರಿನಲ್ಲಿ ಸೇರುವ ಒಂದು ಕಿಲೋ, ವೇಗ ಹೆಚ್ಚಿಸುವಾಗ ಹೆಚ್ಚುಕಡಿಮೆ ಎರಡು ಕಿಲೋದಷ್ಟು ಎಳೆಯುತ್ತೆ, ಯಾಕಂದ್ರೆ ಅದನ್ನು ಮುಂದಕ್ಕೂ ತಳ್ಳಬೇಕು, ಸುತ್ತಿಸಲೂ ಬೇಕು.

ಕೋನುಗಳ ನಡುವೆ ಅಗಲದ ಬೆಲೆ

ಇದನ್ನು ಲೆಕ್ಕಕ್ಕೆ ತಗೊಳ್ಳೋರು ಕಡಿಮೆ. ಫ್ಲೇರ್ ಹಾಕಿದರೆ ಕಾರು ಅಗಲ ಆಗುತ್ತೆ. ಸರ್ಕಿಟ್ ರೇಸಿನಲ್ಲಿ ಅದರಿಂದ ಅಂಥ ತೊಂದರೆ ಇಲ್ಲ, ಆದರೆ ಆಟೋಕ್ರಾಸ್‌ನಲ್ಲಿ ದಾರಿ ಅಂದರೆ ಕೋನುಗಳೇ.

ಸ್ಲಾಲಮ್, ಅಂದರೆ ಸಾಲಾಗಿ ಇಟ್ಟ ಕೋನುಗಳ ನಡುವೆ ಎಡಬಲ ಹಾವಿನಂತೆ ಹಾಯೋದು, ಅದನ್ನೇ ತಗೊಳ್ಳಿ. 1680 ಮಿಲಿಮೀಟರ್ ಅಗಲದ ಕಾರು, ಕೋನಿನಿಂದ 15 ಸೆಂಟಿಮೀಟರ್ ಬಿಟ್ಟು ಹೋಗುತ್ತೆ ಅಂತಿಟ್ಟುಕೊಳ್ಳಿ. ಅಂದರೆ ಕಾರಿನ ನಡು ಪ್ರತಿ ಕೋನಿನಿಂದ 99 ಸೆಂಟಿಮೀಟರ್ ದೂರದಲ್ಲಿ ಹಾಯಬೇಕು. ಎರಡೂ ಬದಿಗೆ 50 ಮಿಲಿಮೀಟರ್ ಫ್ಲೇರ್ ಸೇರಿದರೆ ಈ ದೂರ 104 ಸೆಂಟಿಮೀಟರ್ ಆಗುತ್ತೆ. ಕೋನುಗಳ ನಡುವಿನ ಅಂತರ ಅಷ್ಟೇ, ಆದರೆ ಕಾರು ಪಕ್ಕಕ್ಕೆ ಓಲಾಡಬೇಕಾದ ದೂರ ಶೇ. 5ರಷ್ಟು ಜಾಸ್ತಿ. ಮೊದಲಿನ ವೇಗದಲ್ಲೇ ಹಾಯಬೇಕು ಅಂದರೆ ಹಿಡಿತವೂ ಶೇ. 5ರಷ್ಟು ಜಾಸ್ತಿ ಬೇಕು. ಹಿಡಿತ ಅಷ್ಟೇ ಇದ್ದರೆ ವೇಗ ಸುಮಾರು ಶೇ. 2.5ರಷ್ಟು ಇಳಿಯುತ್ತೆ. ಅಂದರೆ ಅಗಲ ಟೈರಿನಿಂದ ಬಂದ ಹಿಡಿತದಲ್ಲಿ ಮೊದಲ ಶೇ. 5 ಕಾರಿನ ಅಗಲಕ್ಕೇ ಜಮಾ ಆಯ್ತು, ಲಾಭ ಶುರುವಾಗೋದು ಅದರಾಚೆ. ಎಸ್‌ಸಿಸಿಎ ಸ್ಪರ್ಧೆಯಲ್ಲಿ ಒಂದು ಕೋನ್ ಬೀಳಿಸಿದರೆ 2 ಸೆಕೆಂಡ್ ದಂಡ. ಫ್ಲೇರಿನ ಅಂಚು ಎಲ್ಲಿ ಮುಗಿಯುತ್ತೆ ಅನ್ನೋದು ಮೈಗೆ ಹತ್ತುವ ತನಕ ಆ ದಂಡವೂ ಕಾದಿರುತ್ತೆ.

ಕಾರಿನ ಎಡಬಲ ಚಕ್ರಗಳ ನಡುವಿನ ಅಂತರ ಹೆಚ್ಚಾದರೆ ತಿರುವಿನಲ್ಲಿ ಭಾರ ಕಡಿಮೆ ಸರಿಯುತ್ತೆ, ಅದು ಲಾಭ ತಾನೇ ಅಂತ ಕೇಳಬಹುದು. ಹೌದು, ಆದರೆ ಎಷ್ಟು? ಅದೇ 1100 ಕಿಲೋ ಕಾರು, ಭಾರದ ಕೇಂದ್ರ ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿ, ಒಂದು ಜಿ ತಿರುವು (ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ). ಅಂತರ 1420 ಮಿಲಿಮೀಟರ್ ಇದ್ದಾಗ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಸರಿಯೋದು ಸುಮಾರು 349 ಕಿಲೋ. 1480ಕ್ಕೆ ಏರಿಸಿದರೆ 334 ಕಿಲೋ. ವ್ಯತ್ಯಾಸ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಸ್ಲಾಲಮ್‌ನಲ್ಲಿ ಕಳೆದುಕೊಳ್ಳೋದರ ಎದುರು ಅದು ದೊಡ್ಡ ಗಳಿಕೆ ಅಲ್ಲ.

ಹಾಗಾಗಿ ನಾನು ಪಾಲಿಸುವ ನಿಯಮ ಒಂದೇ. ಒಳಗಿನ ಜಾಗ ಪೂರ್ತಿ ಬಳಸಿ, ಆಮೇಲಷ್ಟೇ ಹೊರಗೆ ಬನ್ನಿ.

ಆಫ್‌ಸೆಟ್ ಲೆಕ್ಕ

ಆಫ್‌ಸೆಟ್ ಅಂದರೆ ರಿಮ್ಮಿನ ಸರಿಯಾದ ನಡುವಿನಿಂದ ಹಬ್ಬಿಗೆ (ಕಾರಿನಲ್ಲಿ ಚಕ್ರ ಬೋಲ್ಟ್ ಆಗುವ ಭಾಗಕ್ಕೆ) ಕೂರುವ ಮುಖ ಎಷ್ಟು ದೂರ ಅನ್ನೋದು. ರಿಮ್ ಮೇಲೆ ಇಟಿ40, ಇಟಿ36 ಅಂತ ಬರೆದಿರುತ್ತೆ, ಅದು ಮಿಲಿಮೀಟರ್ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಒಳಗೆ ಕೂರುತ್ತೆ, ಚಿಕ್ಕದಾದಷ್ಟೂ ಹೊರಗೆ ಬರುತ್ತೆ. ಅಗಲದ ಇಂಚು ಮತ್ತು ಆಫ್‌ಸೆಟ್ ಎರಡನ್ನೂ ಒಟ್ಟಿಗೆ ನೋಡದೆ ಚಕ್ರ ಎಲ್ಲಿ ಬಂದು ನಿಲ್ಲುತ್ತೆ ಅಂತ ಹೇಳೋಕೆ ಆಗಲ್ಲ.

1998ರಿಂದ 2005ರವರೆಗೆ ಬಂದ ಎರಡನೇ ತಲೆಮಾರಿನ ಮಾಜ್ಡಾ ಮಿಯಾಟಾ ಆಟೋಕ್ರಾಸ್‌ನಲ್ಲಿ ಬಹಳ ಕಾಣುವ ಕಾರು, ಅದನ್ನೇ ಇಟ್ಟುಕೊಳ್ಳೋಣ. 15 ಇಂಚಿನ ಅದರ ಮೂಲ ರಿಮ್ 6 ಇಂಚು ಅಗಲ, ಇಟಿ40, ಟೈರು 195/50 ಆರ್15 (ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ). ಜನ ಸಾಮಾನ್ಯವಾಗಿ ಹಾಕೋದು 9 ಇಂಚು ಅಗಲದ ಇಟಿ36 ರಿಮ್. 6 ಇಂಚಿನ ಅರ್ಧ 76.2 ಮಿಲಿಮೀಟರ್, 9 ಇಂಚಿನ ಅರ್ಧ 114.3. ಹೊರ ಅಂಚು ಹಬ್ಬಿನ ಮುಖದಿಂದ ಎಷ್ಟು ಆಚೆ ಅಂತ ನೋಡಬೇಕಾದರೆ ಅರ್ಧ ಅಗಲದಿಂದ ಆಫ್‌ಸೆಟ್ ಕಳೆಯಿರಿ. ಹಳೆಯದು 36.2, ಹೊಸದು 78.3. ಅಂದರೆ 42.1 ಮಿಲಿಮೀಟರ್ ಹೊರಗೆ ಬಂತು. ಒಳ ಅಂಚಿಗೆ ಕಳೆಯುವ ಬದಲು ಕೂಡಿಸಿ: 116.2 ಇದ್ದದ್ದು 150.3 ಆಯ್ತು, 34.1 ಮಿಲಿಮೀಟರ್ ಒಳಗೆ ಹೋಯ್ತು.

42 ಮಿಲಿಮೀಟರ್ ಹೊರಗೆ ಅಂದ ಕೂಡಲೇ ಫ್ಲೇರ್ ಬೇಕೇ ಬೇಕು ಅಂತ ಗಾಬರಿ ಆಗುತ್ತೆ, ಅಲ್ವಾ? ಆದರೆ ಇದು ರಿಮ್ಮಿನ ಲೆಕ್ಕ, ಟೈರಿನದ್ದಲ್ಲ. ಹಳೆಯ ರಿಮ್ಮಿನ ಮೇಲಿದ್ದ 195ರ ಟೈರು ಎರಡೂ ಕಡೆ ಸುಮಾರು 24 ಮಿಲಿಮೀಟರ್ ಉಬ್ಬಿಕೊಂಡಿತ್ತು. 9 ಇಂಚಿನ ರಿಮ್ಮಿಗೆ 225/45 ಆರ್15 ಹಾಕಿದರೆ ಗೋಡೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತೆ, ಹೆಚ್ಚು ಉಬ್ಬೋದಿಲ್ಲ. ಹಾಗಾಗಿ ಚಕ್ರದ ಹೊರಮೈ ನಿಜವಾಗಿ ಹೊರಗೆ ಬರೋದು 25ರಿಂದ 30 ಮಿಲಿಮೀಟರ್ ಅಷ್ಟೇ. ಫೆಂಡರಿನ ಒಳ ಅಂಚು ಮಡಚಿ ಈ ಅಳತೆಯ ಚಕ್ರವನ್ನು ಫ್ಲೇರ್ ಇಲ್ಲದೆಯೇ ಕೂರಿಸಿಕೊಂಡ ಮಿಯಾಟಾಗಳು ಬೇಕಾದಷ್ಟಿವೆ. ಲೆಕ್ಕ ಪೂರ್ತಿ ಮಾಡದೆ ಗ್ರೈಂಡರ್ ಹಿಡಿದರೆ ಈ ದಾರಿ ಕಣ್ಣಿಗೇ ಬೀಳೋದಿಲ್ಲ.

ಟೈರಿನ ಸೈಡಿನಲ್ಲಿ ಬರೆದ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಒಂದೇ 225 ಅಂತ ಬರೆದಿದ್ದರೂ ಒಂದು ಕಂಪನಿಯ ಟೈರಿನ ಭುಜ ಚೌಕವಾಗಿರುತ್ತೆ, ಇನ್ನೊಂದರದ್ದು ದುಂಡಗೆ. ಫೆಂಡರಿಗೆ ಮೊದಲು ತಾಗೋದು ಆ ಭುಜವೇ. ಟೈರನ್ನು ಮೊದಲು ಆಯ್ಕೆ ಮಾಡಿ ಅನ್ನೋದು ಇದಕ್ಕೇ.

ಚಕ್ರ ಹೊರಗೆ ಹೋದಷ್ಟೂ ಸ್ಟೀರಿಂಗ್ ನಡವಳಿಕೆ ಬದಲಾಗುತ್ತೆ ಅನ್ನೋದೂ ನೆನಪಿರಲಿ. ಮುಂದಿನ ಚಕ್ರ ಯಾವ ಗೆರೆಯ ಸುತ್ತ ತಿರುಗುತ್ತೋ ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರವನ್ನು ಸ್ಕ್ರಬ್ ರೇಡಿಯಸ್ ಅಂತಾರೆ. ಆಫ್‌ಸೆಟ್ ಇಳಿಸಿದಷ್ಟೂ ಟೈರಿನ ನಡು ಹೊರಗೆ ಸರಿಯುತ್ತೆ. ನೆಲದ ಉಬ್ಬುತಗ್ಗು ಕೈಗೆ ಜಾಸ್ತಿ ಬಡಿಯುತ್ತೆ, ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ಪಕ್ಕಕ್ಕೆ ಎಳೆಯುತ್ತೆ, ವೀಲ್ ಬೇರಿಂಗ್ ಮೇಲೂ ಭಾರ ಏರುತ್ತೆ. ಮೇಲಿನ ಉದಾಹರಣೆಯಲ್ಲಿ ಇಟಿ 40ರಿಂದ 36ಕ್ಕೆ ಮಾತ್ರ ಇಳಿದಿದೆ, ಅಂದರೆ ನಡು ಸರಿದದ್ದು 4 ಮಿಲಿಮೀಟರ್. ಚೆನ್ನಾಗಿ ಆರಿಸಿದ ಚಕ್ರ ಅಂದರೆ ಹಾಗಿರಬೇಕು. ಇಟಿ0 ರಿಮ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಅದಕ್ಕೆ ತಕ್ಕ ಹಾಗೆ ಫ್ಲೇರ್ ಮಾಡಿಸೋದು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ.

ಸ್ಪೇಸರ್ ಹಾಕಲೇಬೇಕಾದರೆ ಹಬ್ಬಿನ ನಡುವಿನ ಗುಂಡಿಗೆ ಸರಿಯಾಗಿ ಕೂರುವಂಥದ್ದು ತಗೊಳ್ಳಿ, ಸ್ಟಡ್ಡುಗಳನ್ನೂ ಉದ್ದದ್ದಕ್ಕೆ ಬದಲಾಯಿಸಿ. ನಟ್ ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಒಳಗೆ ಹೋಗಿರಬೇಕು. 12 ಮಿಲಿಮೀಟರ್ ಸ್ಟಡ್, 1.5 ಪಿಚ್ (ಸುತ್ತಿಗೆ 1.5 ಮಿಲಿಮೀಟರ್) ಆದರೆ ಪೂರ್ತಿ 8 ಸುತ್ತು. ಕೈಯಲ್ಲೇ ತಿರುಗಿಸಿ ಎಣಿಸಿ ನೋಡಿ. 5 ಸುತ್ತಿಗೆ ಬಿಗಿಯಾಯ್ತು ಅಂದರೆ ಆ ಕಾರನ್ನು ಸ್ಟಾರ್ಟ್ ಗೆರೆಗೆ ತರಬೇಡಿ.

ಸ್ಪ್ರಿಂಗ್ ಬಿಚ್ಚಿ ಅಳೆಯೋದು

ನಿಂತ ಕಾರಿನಲ್ಲಿ ಬೆರಳು ತೂರುತ್ತೆ, ಹಾಗಾಗಿ ಜಾಗ ಇದೆ ಅನ್ನೋ ಮಾತಿಗೆ ಬೆಲೆ ಇಲ್ಲ. ಟೈರು ತಾಗೋದು ಬ್ರೇಕ್ ಒತ್ತಿ, ಸ್ಟೀರಿಂಗ್ ಅರ್ಧ ತಿರುಗಿಸಿ, ಕಾರು ಒಂದು ಕಡೆ ವಾಲಿ, ಆ ಮೂಲೆಯ ಸಸ್ಪೆನ್ಷನ್ ಪೂರ್ತಿ ಕುಸಿದಾಗ. ಆ ಸ್ಥಿತಿಯನ್ನು ನಿಂತಲ್ಲೇ ತರಬೇಕು.

ಕಾರನ್ನು ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಅಳೆಯುವ ಮೂಲೆಯ ಸ್ಪ್ರಿಂಗ್ ತೆಗೆದು, ಶಾಕ್ ಅಬ್ಸಾರ್ಬರನ್ನು ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಾಗಿ ನಿಲ್ಲುವ ರಬ್ಬರ್) ಸಮೇತ ವಾಪಸ್ ಕಟ್ಟಿ. ಆ್ಯಂಟಿ ರೋಲ್ ಬಾರಿನ (ಕಾರು ವಾಲೋದನ್ನು ತಡೆಯಲು ಎಡಬಲ ಚಕ್ರಗಳನ್ನು ಸೇರಿಸುವ ಸರಳಿನ) ಒಂದು ಕೊಂಡಿ ಬಿಚ್ಚಿ, ಇಲ್ಲದಿದ್ದರೆ ಅದು ಎದುರಿನ ಚಕ್ರವನ್ನೂ ಎಳೆಯುತ್ತೆ. ಚಕ್ರ ಹಾಕಿ, ಹಬ್ಬಿನ ಕೆಳಗೆ ಜ್ಯಾಕ್ ಕೊಟ್ಟು ನಿಧಾನಕ್ಕೆ ಎತ್ತುತ್ತಾ ಹೋಗಿ. 10 ಮಿಲಿಮೀಟರ್ ಎತ್ತೋದು, ನಿಲ್ಲಿಸೋದು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸೋದು, ಟಾರ್ಚ್ ಹಿಡಿದು ಒಳಗೆ ನೋಡೋದು. ಬಂಪ್ ಸ್ಟಾಪ್ ಒತ್ತಿ ಕುಳಿತುಕೊಳ್ಳುವವರೆಗೂ ಹೀಗೇ ಮಾಡಿ. ಫೆಂಡರಿನ ಒಳ ಅಂಚಿಗೆ ಮಕ್ಕಳು ಆಟಕ್ಕೆ ಬಳಸುವ ಮೆತ್ತನೆ ಕ್ಲೇ ಮೆತ್ತಿಟ್ಟರೆ ಟೈರು ಒತ್ತಿದ ಗುರುತು ಅಚ್ಚಾಗಿ ಮೂಡುತ್ತೆ, ಉಳಿದ ಕ್ಲೇ ಎಷ್ಟು ದಪ್ಪ ಇದೆ ಅಂತ ಅಳೆದರೆ ಅದೇ ನಿಮ್ಮ ನಿಜವಾದ ಜಾಗ.

ಒಳಗಡೆ ನೋಡಬೇಕಾದ್ದು ಬ್ರೇಕ್ ಹೋಸ್, ಟೈ ರಾಡ್, ಆ್ಯಂಟಿ ರೋಲ್ ಬಾರ್, ಸ್ಪ್ರಿಂಗ್ ಕೂರುವ ತಟ್ಟೆ. ಸ್ಟೀರಿಂಗ್ ತುದಿ ಮುಟ್ಟಿದಾಗ ಟೈರಿನ ಒಳಗೋಡೆ ಬಾರಿಗೆ ಉಜ್ಜೋದು ಬಹಳ ಕಾರುಗಳಲ್ಲಿ ಇದ್ದದ್ದೇ. ಹೊರಗಡೆ ಫೆಂಡರಿನ ಮೇಲ್ಭಾಗ ಅಷ್ಟೇ ಅಲ್ಲ, ಬಂಪರ್ ಬಂದು ಫೆಂಡರಿಗೆ ಸೇರುವ ಮೂಲೆ ನೋಡಿ. ಅಲ್ಲೊಂದು ಸ್ಕ್ರೂ, ಅದರ ಹಿಂದೊಂದು ತಗಡಿನ ನಾಲಿಗೆ ಇರುತ್ತೆ. ಟೈರು ಸೀಳೋದು ಹೆಚ್ಚಾಗಿ ಅಲ್ಲೇ.

ಕ್ಯಾಂಬರ್, ಅಂದರೆ ಚಕ್ರ ಎಷ್ಟು ಡಿಗ್ರಿ ವಾಲಿರಬೇಕು ಅನ್ನೋದು, ಈ ಹೊತ್ತಿಗೆ ತೀರ್ಮಾನ ಆಗಿರಬೇಕು. ಟೈರಿನ ತಲೆ ಒಳಕ್ಕೆ ವಾಲಿದಷ್ಟೂ ಫೆಂಡರಿನ ಹತ್ತಿರ ಜಾಗ ಸಿಗುತ್ತೆ: 290 ಮಿಲಿಮೀಟರ್ ತ್ರಿಜ್ಯದ ಟೈರಿಗೆ ಒಂದು ಡಿಗ್ರಿಗೆ ಸುಮಾರು 5 ಮಿಲಿಮೀಟರ್. ಮೂರು ಡಿಗ್ರಿ ಇಟ್ಟರೆ 15. ಆಟೋಕ್ರಾಸ್‌ಗೆ ಹೇಗೂ ಕ್ಯಾಂಬರ್ ಬೇಕು, ಜಾಗ ಅದರ ಜೊತೆ ಬರುವ ಲಾಭ. ಆದರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಹಬ್ಬಿಗೆ ಸೇರುವ ಭಾಗ) ಇರುವ ಕಾರುಗಳಲ್ಲಿ ಕ್ಯಾಂಬರನ್ನು ಎಲ್ಲಿಂದ ತರ್ತೀರಿ ಅನ್ನೋದು ಬಹಳ ಮುಖ್ಯ. ಮೇಲಿನ ಕ್ಯಾಂಬರ್ ಪ್ಲೇಟಿನಿಂದ ತಂದರೆ ಸ್ಟ್ರಟ್ ಮತ್ತು ಚಕ್ರ ಒಟ್ಟಿಗೆ ವಾಲುತ್ತವೆ, ಅವುಗಳ ನಡುವಿನ ಅಂತರ ಹಾಗೇ ಉಳಿಯುತ್ತೆ. ಕೆಳಗೆ ಸ್ಟ್ರಟ್ ಹಬ್ಬಿಗೆ ಸೇರುವ ಕಡೆ ಕ್ಯಾಂಬರ್ ಬೋಲ್ಟ್ ಹಾಕಿ ತಂದರೆ ಚಕ್ರ ಮಾತ್ರ ವಾಲಿ ಟೈರು ಸ್ಟ್ರಟ್ಟಿನ ಹತ್ತಿರ ಬರುತ್ತೆ. ಒಳಗಿನ ಜಾಗ ಪೂರ್ತಿ ಬಳಸಬೇಕು ಅನ್ನೋರಿಗೆ ಪ್ಲೇಟೇ ಸರಿಯಾದ ದಾರಿ.

ಮಡಚೋದು, ಎಳೆಯೋದು, ಕತ್ತರಿಸೋದು

ಅಳತೆಯಲ್ಲಿ 5ರಿಂದ 10 ಮಿಲಿಮೀಟರ್ ಸಾಲದಿದ್ದರೆ ಫೆಂಡರಿನ ಒಳಗೆ ಚಾಚಿಕೊಂಡ ಅಂಚನ್ನು ಮೇಲಕ್ಕೆ ಮಡಚಿದರೆ ಸಾಕಾಗಬಹುದು. ಹಬ್ಬಿಗೆ ಬೋಲ್ಟ್ ಮಾಡುವ ರೋಲರ್ ಬಾಡಿಗೆಗೆ ಸಿಕ್ಕಿದರೆ ಅದನ್ನೇ ಬಳಸಿ. ಬಣ್ಣವನ್ನು ಹೀಟ್ ಗನ್ನಿನಿಂದ ಕೈ ಇಡಲಾಗದಷ್ಟು ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹತ್ತಾರು ಸಲ ಆ ಕಡೆ ಈ ಕಡೆ ಉರುಳಿಸಬೇಕು. ಅವಸರ ಮಾಡಿದರೆ ತಗಡು ಅಲೆಅಲೆಯಾಗುತ್ತೆ, ಬಣ್ಣ ಸೀಳುತ್ತೆ. ಮುಂಚೆಯೇ ಒಂದು ಆಯಸ್ಕಾಂತ ಹಿಡಿದು ಅಂಚಿನ ಸುತ್ತ ಆಡಿಸಿ. ಎಲ್ಲಿ ಅಂಟೋದಿಲ್ಲವೋ ಅಲ್ಲಿ ಹಳೆಯ ಪುಟ್ಟಿ ಇದೆ ಅಂತ ಅರ್ಥ, ಮಡಚಿದರೆ ಅದು ಉದುರುತ್ತೆ. ಇನ್ನೂ ಸ್ವಲ್ಪ ಬೇಕಾದರೆ ಅದೇ ರೋಲರಿನಲ್ಲಿ ಫೆಂಡರನ್ನು ಹೊರಗೆ ಎಳೆಯಬಹುದು.

ಅದೂ ಸಾಲದು ಅಂದಾಗ ಫ್ಲೇರ್. ಮುಂದಿನ ಮತ್ತು ಹಿಂದಿನ ಫೆಂಡರ್ ಎರಡೂ ಬೇರೆಬೇರೆ ಕೆಲಸ ಅನ್ನೋದು ಇಲ್ಲಿ ಗೊತ್ತಿರಲೇಬೇಕು. ಮುಂದಿನದ್ದು ಬಹುತೇಕ ಕಾರುಗಳಲ್ಲಿ ಬೋಲ್ಟಿನಿಂದ ಕೂರಿಸಿದ ಒಂಟಿ ತಗಡು. ಹಾಳಾದರೆ ಬಿಚ್ಚಿ ಇನ್ನೊಂದು ಹಾಕಬಹುದು, ಹಳೆಯ ಫೆಂಡರ್ ಒಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಲೂಬಹುದು. ಹಿಂದಿನದ್ದು ಕಾರಿನ ಮೈಯ ಭಾಗವೇ. ಅಲ್ಲಿ ಹೊರ ತಗಡು ಮತ್ತು ಚಕ್ರದ ಗೂಡಿನ ಒಳ ತಗಡು ಅಂಚಿನಲ್ಲಿ ಸ್ಪಾಟ್ ವೆಲ್ಡ್ ಆಗಿ ಸೇರಿರುತ್ತವೆ. ಆ ಅಂಚನ್ನು ಕತ್ತರಿಸಿ ತೆಗೆದರೆ ಎರಡೂ ಬಿಟ್ಟುಕೊಳ್ಳುತ್ತವೆ. ಮೇಲೆ ಫ್ಲೇರ್ ಮುಚ್ಚಿಬಿಟ್ಟರೆ ಹೊರಗಿನಿಂದ ಏನೂ ಕಾಣಲ್ಲ, ಆದರೆ ಒಳಗೆ ನೀರು, ಧೂಳು ನುಗ್ಗುತ್ತೆ, ತುಕ್ಕು ಹಿಡಿಯುತ್ತೆ, ಆ ಮೂಲೆಯ ಗಟ್ಟಿತನವೂ ಕಡಿಮೆಯಾಗುತ್ತೆ. ಫ್ಲೇರ್ ಹಾಕಿದ ಕಾರುಗಳಲ್ಲಿ ನನಗೆ ತುಂಬಾ ಬೇಜಾರಾಗೋದು ಇದನ್ನು ಹೀಗೆ ಬಿಟ್ಟಿರೋದು ನೋಡಿದಾಗ.

ಸರಿಯಾದ ವಿಧಾನ ಹೀಗೆ. ಹಬ್ಬಿನ ನಡುವಿಗೆ ಒಂದು ಪಟ್ಟಿ ಬೋಲ್ಟ್ ಮಾಡಿ, ಅದರ ತುದಿಗೆ ಮಾರ್ಕರ್ ಕಟ್ಟಿ, ಸಸ್ಪೆನ್ಷನ್ ಪೂರ್ತಿ ಮೇಲಿರುವ ಸ್ಥಿತಿಯಲ್ಲಿ ಹೊರ ತಗಡಿನ ಮೇಲೆ ಕಮಾನು ಎಳೆಯಿರಿ. ಫ್ಲೇರನ್ನು ಟೇಪ್ ಹಚ್ಚಿ ನಿಲ್ಲಿಸಿ ಆ ಗೆರೆ ಅದರ ಅಂಚಿನೊಳಗೇ ಬರುತ್ತಾ ನೋಡಿ. ಹೊರ ತಗಡನ್ನು ಮಾತ್ರ ಗೆರೆಗಿಂತ ಸ್ವಲ್ಪ ಕಡಿಮೆ ಕತ್ತರಿಸಿ. ಕಡಿಮೆ ಕತ್ತರಿಸಿದ್ದನ್ನು ಇನ್ನಷ್ಟು ಕತ್ತರಿಸಬಹುದು, ಜಾಸ್ತಿ ಆದರೆ ವಾಪಸ್ ಬರಲ್ಲ. ಈಗ ಒಳ ತಗಡು ಕೆಳಗೆ ಜೋತುಕೊಂಡಿರುತ್ತೆ. ಅದಕ್ಕೆ 20–25 ಮಿಲಿಮೀಟರಿಗೊಂದರಂತೆ ನೆಟ್ಟನೆ ಸೀಳು ಕೊಡಿ. ಸಾಲಾಗಿ ನಾಲಿಗೆಗಳಾಗುತ್ತವೆ. ಒಂದೊಂದನ್ನೂ ಸುತ್ತಿಗೆಯಿಂದ ಮೇಲಕ್ಕೆ, ಹೊರಕ್ಕೆ ಬಡಿದು ಹೊರ ತಗಡಿಗೆ ಅಂಟುವಂತೆ ಮಾಡಿ, ವೆಲ್ಡ್ ಹಾಕಿ. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಬಿಸಿಗೆ ಹೊರ ತಗಡು ಸೊಟ್ಟಗಾಗುತ್ತೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕುತ್ತಾ ಸುತ್ತಿ ಬನ್ನಿ. ಆಮೇಲೆ ಪ್ರೈಮರ್, ಅದರ ಮೇಲೆ ಸೀಮ್ ಸೀಲರ್, ಮತ್ತೆ ಬಣ್ಣ. ಫ್ಲೇರ್ ಕೂರಿಸೋದು ಇದೆಲ್ಲ ಒಣಗಿದ ಮೇಲೆ.

ವೆಲ್ಡ್ ಶುರು ಮಾಡುವ ಮುಂಚೆ ಬ್ಯಾಟರಿ ಬಿಚ್ಚಿ. ಪೆಟ್ರೋಲ್ ತುಂಬುವ ಕೊಳವೆ ಹಿಂದಿನ ಒಂದು ಫೆಂಡರಿನ ಪಕ್ಕದಲ್ಲೇ ಹಾದು ಹೋಗುತ್ತೆ, ಅದು ಎಲ್ಲಿದೆ ಅಂತ ಕಣ್ಣಾರೆ ನೋಡದೆ ಕಿಡಿ ಹಾರಿಸಬೇಡಿ. ಅನುಮಾನ ಇದ್ದರೆ ಟ್ಯಾಂಕ್, ಕೊಳವೆ ಎರಡನ್ನೂ ಇಳಿಸಿಬಿಡಿ. ಗೂಡಿನ ಒಳಗೆ ಬಳಿದ ಕಪ್ಪು ಲೇಪ, ಡಿಕ್ಕಿಯೊಳಗಿನ ಕಾರ್ಪೆಟ್ ಕೂಡ ಹೊತ್ತಿಕೊಳ್ಳುತ್ತವೆ, ಹಾಗಾಗಿ ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ. ಗ್ರೈಂಡರಿನ ಕಿಡಿ ಗಾಜಿಗೆ ಬಿದ್ದರೆ ಕರಗಿ ಅಂಟಿಕೊಂಡು ಶಾಶ್ವತವಾಗಿ ಚುಕ್ಕೆ ಉಳಿಯುತ್ತೆ, ಗಾಜಿಗೆಲ್ಲ ಒದ್ದೆ ಬಟ್ಟೆ ಹೊದಿಸಿ. ವೆಲ್ಡಿಂಗ್ ಬರದಿದ್ದರೆ ಹಿಂದಿನ ಫೆಂಡರನ್ನು ಟಿಂಕರಿಂಗ್ ಗೊತ್ತಿರುವವರಿಗೆ ಕೊಡಿ, ಮುಂದಿನದ್ದನ್ನು ನೀವೇ ಮಾಡಿ.

ಫ್ಲೇರಿನ ವಸ್ತುವಿನ ಬಗ್ಗೆ ನನ್ನ ಆಯ್ಕೆ ಎಬಿಎಸ್ ಪ್ಲಾಸ್ಟಿಕ್ ಅಥವಾ ಪಾಲಿಯುರೆಥೇನ್. ಆಟೋಕ್ರಾಸ್‌ನಲ್ಲಿ ಕೋನ್ ಬಡಿಯೋದು ತಪ್ಪಿದ್ದಲ್ಲ, ಇವು ಬಾಗಿ ವಾಪಸ್ ಬರುತ್ತವೆ. ಫೈಬರ್ ಗ್ಲಾಸ್ ಹಗುರ, ಬೇಕಾದ ಆಕಾರಕ್ಕೆ ಮಾಡಬಹುದು, ಆದರೆ ಏಟು ಬಿದ್ದರೆ ಬಿರುಕು ಬಿಡುತ್ತೆ. ಕೂರಿಸೋದಕ್ಕೆ ಪಾಪ್ ರಿವೆಟ್‌ಗಿಂತ ರಿವೆಟ್ ನಟ್ ಮತ್ತು ಸ್ಕ್ರೂ ಒಳ್ಳೆಯದು. ಒಂದು ಫ್ಲೇರ್ ಹೋದರೆ ಹತ್ತು ನಿಮಿಷದಲ್ಲಿ ಬಿಚ್ಚಿ ಬದಲಾಯಿಸಬಹುದು. ತೂತು ಕೊರೆದ ಪ್ರತಿ ಜಾಗಕ್ಕೂ ಪ್ರೈಮರ್ ಮುಟ್ಟಿಸಿ, ಫ್ಲೇರ್ ಮತ್ತು ಮೈ ನಡುವೆ ರಬ್ಬರ್ ಪಟ್ಟಿ ಹಾಕಿ. ಇಲ್ಲದಿದ್ದರೆ ಫ್ಲೇರ್ ಅದುರಿ ಅದುರಿ ಬಣ್ಣ ತಿಂದುಹಾಕುತ್ತೆ.

ಮುಂದಕ್ಕೋ ಹಿಂದಕ್ಕೋ

ಹಣ ಎರಡು ಚಕ್ರಕ್ಕೆ ಮಾತ್ರ ಇದ್ದರೆ ಅಗಲವನ್ನು ಮುಂದಕ್ಕೆ ಕೊಡಿ, ಹಿಂದಕ್ಕಲ್ಲ. ಚೂಪು ತಿರುವುಗಳಲ್ಲಿ ಹೆಚ್ಚಿನ ಕಾರುಗಳು ಸೋಲೋದು ಮುಂದಿನ ಟೈರು ಜಾರಿ ನೇರಕ್ಕೆ ಹೋಗೋದರಿಂದ. ಹಿಂದೆ ಮಾತ್ರ ಅಗಲ ಮಾಡಿದರೆ ಕಾರು ನೋಡೋಕೆ ಗಟ್ಟಿಮುಟ್ಟಾಗಿ ಕಂಡರೂ ಆ ತೊಂದರೆ ಇನ್ನೂ ಜಾಸ್ತಿ ಆಗುತ್ತೆ. ಹಿಂದಿನ ಚಕ್ರ ಎಳೆಯುವ, ತುಂಬಾ ಶಕ್ತಿ ಇರುವ ಕಾರಿಗೆ ಮಾತ್ರ ಹಿಂದೆ ಹೆಚ್ಚು ಅಗಲ ಬೇಕಾಗಬಹುದು. ಉಳಿದವರಿಗೆ ನಾಲ್ಕೂ ಚಕ್ರ ಒಂದೇ ಅಳತೆ ಇದ್ದರೆ ಅನುಕೂಲ, ಸವೆದಾಗ ಮುಂದಿನದ್ದನ್ನು ಹಿಂದಕ್ಕೆ ಹಾಕಿಕೊಳ್ಳಬಹುದು.

ಎಲ್ಲ ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಹೊಸದಾಗಿ ಮಾಡಿಸಿ. ಗಾಳಿಯನ್ನು ಹಳೆಯ ಅಳತೆಗೆ ಇಡಬೇಡಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ಒಂದು ಓಟ ಓಡಿಸಿ, ಎಲ್ಲಿವರೆಗೆ ಅಳಿಸಿದೆ ನೋಡಿ. ಭುಜ ದಾಟಿ ಪಕ್ಕದ ಗೋಡೆವರೆಗೆ ಅಳಿಸಿದ್ದರೆ ಗಾಳಿ ಕಡಿಮೆ ಆಗಿದೆ, ಇಲ್ಲವೇ ಕ್ಯಾಂಬರ್ ಸಾಲದು. ಹಿಡಿತ ಜಾಸ್ತಿ ಆಗಿರೋದರಿಂದ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತೆ, ಮೆತ್ತನೆ ಸ್ಪ್ರಿಂಗ್ ಇದ್ದರೆ ಅದನ್ನೂ ಬದಲಾಯಿಸಬೇಕಾಗಬಹುದು. ಹಾಗೆ ಬದಲಾಯಿಸಿ ಎತ್ತರ ಇಳಿಸಿದರೆ ಅಳತೆಯ ಕೆಲಸ ಮತ್ತೆ ಮಾಡಬೇಕು, ಅದಕ್ಕೇ ಸ್ಪ್ರಿಂಗ್ ತೀರ್ಮಾನ ಮೊದಲೇ ಆಗಿದ್ದರೆ ಒಳ್ಳೆಯದು.

ಮೊದಲ ಸ್ಪರ್ಧೆಯ ದಿನ ಪ್ರತಿ ಓಟದ ನಂತರ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ನೋಡಿ, ಫೆಂಡರಿನ ಒಳಗೆ ಕೈ ಆಡಿಸಿ. ಲೈನರ್ (ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಮೇಲೆ ನುಣ್ಣಗೆ ಹೊಳೆಯುವ ಜಾಗ ಇದ್ದರೆ ಟೈರು ಸವರಿಕೊಂಡು ಹೋಗಿದೆ, ಅದು ಅಷ್ಟು ಅಪಾಯ ಅಲ್ಲ, ಹೀಟ್ ಗನ್ನಿನಿಂದ ಲೈನರನ್ನು ಹಿಂದಕ್ಕೆ ಒತ್ತಬಹುದು. ಟೈರಿನ ಭುಜದ ಮೇಲೆ ಸುತ್ತಲೂ ಚಾಕುವಿನಲ್ಲಿ ಎಳೆದಂಥ ಗೆರೆ ಇದ್ದರೆ ತಗಡು ಕೊಯ್ದಿದೆ, ಅವತ್ತಿನ ಮಟ್ಟಿಗೆ ಓಟ ನಿಲ್ಲಿಸಿ. ಎಂಜಿನ್ ಆಯಿಲ್ ಮಟ್ಟ ಮೇಲಿನ ಗೆರೆಯಲ್ಲೇ ಇರಲಿ. ಹೊಸ ಹಿಡಿತದಲ್ಲಿ ಉದ್ದನೆಯ ತಿರುವು ತಗೊಂಡರೆ ಆಯಿಲ್ ಎಲ್ಲ ಸಂಪಿನ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುವ ಸಾಧ್ಯತೆ ಇದೆ. ತಿರುವಿನ ನಡುವೆ ಆಯಿಲ್ ಪ್ರೆಶರ್ ದೀಪ ಒಂದು ಕ್ಷಣ ಮಿನುಗಿದರೂ ಸರಿ, ಮುಂದಿನ ಸ್ಪರ್ಧೆಗೆ ಮುಂಚೆ ಸಂಪಿಗೆ ಬ್ಯಾಫಲ್ (ಆಯಿಲ್ ಒಂದು ಬದಿಗೆ ಸರಿಯದಂತೆ ತಡೆಯುವ ತಗಡು) ಹಾಕಿಸಿ.